ಸಕ್ಯುಲೆಂಟ್‌ಗೆ ಏನಾಗಿದೆ ಅಂತ ನೋಡ್ದೆ ಔಷಧಿ ಬರೀಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪುರವಣಿಲಿ ಮನೆಯೊಳಗಿನ ಸಕ್ಯುಲೆಂಟ್ ಗಿಡಗಳ (ದಪ್ಪ ಎಲೆ, ಕಾಂಡದಲ್ಲಿ ನೀರು ತುಂಬಿಟ್ಕೊಳ್ಳೋ ಗಿಡಗಳು) ಬಗ್ಗೆ ಬಂದಿದ್ದ ಟಿಪ್ಸ್ ಓದಿದೆ. ಚೆನ್ನಾಗಿತ್ತು ಅಂತ ಹೇಳೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ. ಎಲೆ ಹಳದಿಯಾದ್ರೂ, ಬಿಳಿ ಚುಕ್ಕೆ ಬಂದ್ರೂ, ಕಾಂಡ ಕಪ್ಪಾದ್ರೂ ಎಲ್ಲದಕ್ಕೂ ಒಂದೇ ಮದ್ದು ಬರೆದಿದ್ರು, ಪಾತ್ರೆ ತೊಳೆಯೋ ಲಿಕ್ವಿಡ್, ವಿನೆಗರ್, ಅರಿಶಿನ, ಬೇವಿನ ಎಣ್ಣೆ ಎಲ್ಲ ಕಲಸಿ ವಾರಕ್ಕೆರಡು ಸಲ ಸ್ಪ್ರೇ ಮಾಡಿ ಅಂತ. ಪೇಪರ್‌ನಲ್ಲಿ ಬಂದಿದೆ ಅಂದ್ರೆ ಜನ ನಂಬ್ತಾರೆ ಸಾರ್, ನಮ್ಮ ಬೀದಿಲೇ ಆ ಪುಟ ಕಟ್ ಮಾಡಿ ಫ್ರಿಜ್‌ಗೆ ಅಂಟಿಸ್ಕೊಂಡೋರಿದ್ದಾರೆ. ಅದಕ್ಕೆ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ಲಾಂದ್ರೆ ಕತ್ತರಿಸಿ, ಆದ್ರೆ ಗುರುತು ಹಿಡಿಯೋ ಭಾಗ ಮಾತ್ರ ಉಳಿಸಿ.

ಸಕ್ಯುಲೆಂಟ್‌ನ ಕಷ್ಟ ಏನಂದ್ರೆ ಹತ್ತು ಥರದ ತೊಂದ್ರೆಗೂ ಅದು ತೋರ್ಸೋದು ನಾಲ್ಕೇ ಲಕ್ಷಣ. ಎಲೆ ಸುಕ್ಕಾಗುತ್ತೆ, ಹಳದಿಯಾಗುತ್ತೆ, ಕಲೆ ಬೀಳುತ್ತೆ, ಉದುರುತ್ತೆ, ಅಷ್ಟೇ. ಅದರಲ್ಲೂ ಅರ್ಧಕ್ಕರ್ಧ ರೋಗವೇ ಅಲ್ಲ. ಗುಲಾಬಿ ಹೂವಿನ ಥರ ಎಲೆ ಜೋಡಿಸ್ಕೊಂಡಿರೋ ಎಚೆವೆರಿಯಾ ಗಿಡದ ತೀರಾ ಕೆಳಗಿನ ಎಲೆಗಳು ಕಾಗದದ ಥರ ಒಣಗಿದ್ರೆ ಅದು ವಯಸ್ಸಾಗಿ ಒಣಗಿದ್ದು, ಕಿತ್ತು ಬಿಸಾಕಿ ಸಾಕು. ಗಿಡ ಉದ್ದುದ್ದ ಬೆಳೆದು ಎಲೆ ಎಲೆ ಮಧ್ಯೆ ಗ್ಯಾಪ್ ಬಂದಿದ್ರೆ ಬೆಳಕು ಸಾಲ್ತಿಲ್ಲ ಅಂತ, ಅದಕ್ಕೆ ಯಾವ ಎಣ್ಣೆ ಹೊಡೆದ್ರೂ ಪ್ರಯೋಜನ ಇಲ್ಲ, ಕಿಟಕಿ ಹತ್ರ ಇಡ್ಬೇಕು. ಹಾಗಂತ ಶೋಕೇಸ್‌ನಲ್ಲಿದ್ದ ಗಿಡಾನ ಒಂದೇ ಸಲಕ್ಕೆ ಏಪ್ರಿಲ್ ಬಿಸಿಲಿಗಿಟ್ರೆ ಬಿಸಿಲು ಬಿದ್ದ ಕಡೆ ಮಾತ್ರ ಬೆಳ್ಳಗೆ ಆಮೇಲೆ ಕಂದು ಬಣ್ಣಕ್ಕೆ ಸುಟ್ಟ ಕಲೆ ಬರುತ್ತೆ, ಆ ಕಲೆ ಹರಡಲ್ಲ, ಹೋಗೋದೂ ಇಲ್ಲ. ಹರಡ್ತಿದೆಯೋ ಇಲ್ವೋ ಅನ್ನೋದೇ ಮೊದಲನೇ ಪ್ರಶ್ನೆ, ಕಲೆ ಸುತ್ತ ಪೆನ್ನಲ್ಲಿ ಸಣ್ಣ ಗೆರೆ ಹಾಕಿ ಒಂದು ವಾರ ಬಿಟ್ಟು ನೋಡಿದ್ರೆ ಗೊತ್ತಾಗುತ್ತೆ. ಗೆರೆ ದಾಟಿದ್ರೆ ಶಿಲೀಂಧ್ರ ಇರಬಹುದು, ದಾಟಿಲ್ಲ ಅಂದ್ರೆ ಸುಮ್ನಿರಿ.

ಈಗ ಎಲೆ ಸುಕ್ಕಾಗೋದು. ಇಲ್ಲಿ ಜನ ಗಿಡ ಕೊಲ್ಲೋದು ಜಾಸ್ತಿ. ಸುಕ್ಕು ಕಂಡ ತಕ್ಷಣ ನೀರು ಹಾಕ್ತಾರೆ. ಮೊದ್ಲು ಪಾಟ್‌ನ ತಳದವರೆಗೂ ಒಂದು ಕಡ್ಡಿ ಚುಚ್ಚಿ ತೆಗೀರಿ. ಕಡ್ಡಿ ಒಣಗಿ ಬಂದ್ರೆ ಬಾಯಾರಿಕೆ, ನೀರು ಕೊಟ್ಟ ಎರಡು ಮೂರು ದಿನದಲ್ಲಿ ಎಲೆ ಮತ್ತೆ ತುಂಬ್ಕೊಳುತ್ತೆ. ಮಣ್ಣು ಒದ್ದೆ ಇದ್ದೂ ಎಲೆ ಸುಕ್ಕಾಗಿದ್ರೆ ಬೇರು ಸತ್ತಿದೆ ಅಂತ ಅರ್ಥ, ಹೀರ್ಕೊಳ್ಳೋಕೆ ಬೇರೇ ಇಲ್ಲ, ನೀವು ಇನ್ನೊಂದು ಲೋಟ ನೀರು ಹಾಕಿದ್ರೆ ಕಾಂಡಾನೂ ಕೊಳೆಯುತ್ತೆ. ಎರಡೂ ನೋಡೋಕೆ ಒಂದೇ ಥರ ಇರುತ್ತೆ, ಟ್ರೀಟ್‌ಮೆಂಟ್ ಮಾತ್ರ ಪೂರ್ತಿ ಉಲ್ಟಾ. ನಿಮ್ಮ ಲೇಖನದಲ್ಲಿ ಎರಡಕ್ಕೂ ಸ್ಪ್ರೇ.

ಬಿಳಿ ಬಣ್ಣದ್ದು ಇನ್ನೊಂದು ದೊಡ್ಡ ಗೊಂದಲ. ಎಚೆವೆರಿಯಾ, ಗ್ರ್ಯಾಪ್ಟೊಪೆಟಲಮ್ ಇಂಥ ಗಿಡಗಳ ಎಲೆ ಮೇಲೆ ಹುಟ್ಟುತ್ತಲೇ ಒಂದು ಮೇಣದ ಪುಡಿ ಇರುತ್ತೆ, ಬಿಸಿಲಿಂದ, ನೀರಿಂದ ಎಲೇನ ಕಾಪಾಡೋದೇ ಅದು. ಅದನ್ನ ಬೂಷ್ಟು ಅಂದ್ಕೊಂಡು ಒದ್ದೆ ಬಟ್ಟೇಲಿ ಒರೆಸೋರು ಎಷ್ಟು ಜನ ಗೊತ್ತಾ, ಒಮ್ಮೆ ಹೋದ್ರೆ ಹಳೇ ಎಲೇಲಿ ಅದು ವಾಪಸ್ ಬರಲ್ಲ. ಬೋರ್‌ವೆಲ್ ನೀರು ಹಾಕೋ ಮನೇಲಿ ಎಲೆ ಮೇಲೆ ಉಪ್ಪಿನ ಬಿಳಿ ಕಲೆ ಕೂರುತ್ತೆ, ಅದೂ ರೋಗ ಅಲ್ಲ. ಬೂದಿ ರೋಗ ನಿಜವಾಗ್ಲೂ ಬರೋದುಂಟು, ಗಾಳಿಯಾಡದ ಕಡೆ ಇಟ್ಟ ಕಲಾಂಚೋ ಗಿಡಕ್ಕೆ ಬೇಗ ಬರುತ್ತೆ, ಎಲೆ ಮೇಲೆ ಪೌಡರ್ ಚೆಲ್ಲಿದ ಹಾಗೆ ತೇಪೆ ತೇಪೆಯಾಗಿ ಇರುತ್ತೆ. ಇವೆಲ್ಲ ಬಿಟ್ಟು, ಎಲೆ ಕಾಂಡಕ್ಕೆ ಸೇರೋ ಸಂದೀಲಿ ಹತ್ತಿ ಚೂರು ಸಿಕ್ಕಿಸಿದ ಹಾಗೆ ಏನಾದ್ರೂ ಕಂಡ್ರೆ ಅದು ಹಿಟ್ಟು ತಿಗಣೆ, ನರ್ಸರಿಯೋರು ಮೀಲಿಬಗ್ ಅಂತಾರಲ್ಲ ಅದೇ. ಅನುಮಾನ ಇದ್ರೆ ಟೂತ್‌ಪಿಕ್‌ನಲ್ಲಿ ಒತ್ತಿ ನೋಡಿ, ಹುಳ ಆಗಿದ್ರೆ ಒಡೆದು ಹಳದಿನೋ ಕೆಂಪುನೋ ರಸ ಅಂಟುತ್ತೆ.

ಕೆಂಪು ರಸ ಅಂದಾಗ ಒಂದು ಹಳೇ ಕತೆ ಹೇಳ್ಬೇಕು, ವಿಷಯಕ್ಕೆ ಸಂಬಂಧ ಇದೆ. ಹಿಟ್ಟು ತಿಗಣೆಗೆ ದಾಯಾದಿ ಥರದ್ದು ಕೊಕಿನೀಲ್ ಅಂತ ಒಂದು ಹುಳ, ಪಾಪಾಸುಕಳ್ಳಿ ಮೇಲೆ ಬೆಳೆಯುತ್ತೆ, ಅದರಿಂದ ಬಟ್ಟೆಗೆ ಹಾಕೋ ಕೆಂಪು ಬಣ್ಣ ತೆಗೀತಿದ್ರು. 1795ರಲ್ಲಿ ಆ ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಕಲ್ಕತ್ತಾಕ್ಕೆ ಹುಳ ತಂದ್ರು, ಬಂದಿದ್ದು ಬೇರೆ ಜಾತಿ. ಒಳ್ಳೆ ಬಣ್ಣ ಸಿಗಲಿಲ್ಲ, ಬದಲಿಗೆ ಅದು ಒಂದು ಜಾತಿ ಪಾಪಾಸುಕಳ್ಳೀನೇ ತಿಂದು ಮುಗಿಸ್ತು. ಆಮೇಲೆ ಅದೇ ಉಪಾಯಾನ ದಕ್ಷಿಣ ಭಾರತದಲ್ಲಿ ಬೇಕಂತಲೇ ಮಾಡಿದ್ರು, 1926ರಲ್ಲಿ ಇನ್ನೊಂದು ಜಾತಿ ಕೊಕಿನೀಲ್ ತಂದು ಹೊಲ ಗದ್ದೆ ಬದು ನುಂಗ್ತಿದ್ದ ಬೇರೆ ಜಾತಿ ಕಳ್ಳೀನ ಹತೋಟಿಗೆ ತಂದ್ರು. ನೋಡೋಕೆ ಒಂದೇ ಥರ ಇರೋ ಎರಡು ಹುಳದಲ್ಲಿ ಒಂದು ಇನ್ನೊಂದು ಅಲ್ಲ, ಈ ಪತ್ರದಲ್ಲಿ ನಾನು ಹೇಳ್ತಿರೋದೂ ಇಷ್ಟೇ.

ಮೀಲಿಬಗ್‌ಗೆ ಬರ್ತೀನಿ, ಮನೆಯೊಳಗಿನ ಸಕ್ಯುಲೆಂಟ್‌ಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಮೈ ಮೇಲೆ ಮೇಣ ಇರೋದ್ರಿಂದ ಬರೀ ನೀರು ಸ್ಪ್ರೇ ಮಾಡಿದ್ರೆ ಜಾರಿ ಹೋಗುತ್ತೆ. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟ್, ಇಲ್ಲಾ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ, ಕಿವಿಗೆ ಹಾಕೋ ಬಡ್ ಅದ್ದಿ ಒಂದೊಂದೇ ಹುಳದ ಮೇಲೆ ಮುಟ್ಟಿಸಿ, ಮೇಣ ಕರಗಿ ಹುಳ ಕಂದಾಗಿ ಸಾಯುತ್ತೆ. ಮೊದ್ಲು ಒಂದೇ ಎಲೆಗೆ ಮುಟ್ಟಿಸಿ ಒಂದು ದಿನ ಬಿಟ್ಟು ನೋಡಿ, ಕೆಲವು ಗಿಡಕ್ಕೆ ಕಲೆ ಬೀಳುತ್ತೆ. ಬಿಸಿಲಲ್ಲಿ ಮಾಡ್ಬೇಡಿ, ಗ್ಯಾಸ್ ಒಲೆ ಹತ್ರ ಅಂತೂ ಬೇಡವೇ ಬೇಡ. ಆದ್ರೆ ಒಂದು ಸಲ ಮಾಡಿ ಮುಗೀತು ಅಂತ ಬಿಟ್ರೆ ಮತ್ತೆ ಬರುತ್ತೆ, ಯಾಕಂದ್ರೆ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ, ಆ ಹತ್ತಿ ಥರದ್ದು ಮೊಟ್ಟೆ ಚೀಲವೇ, ಒಳಗಿನ ಮೊಟ್ಟೆಗೆ ಸ್ಪಿರಿಟ್ ತಲುಪಿರಲ್ಲ, ಒಂದು ವಾರ ಹತ್ತು ದಿನದಲ್ಲಿ ಮರಿ ಹೊರಗೆ ಬಂದು ಪಕ್ಕದ ಗಿಡಕ್ಕೂ ನಡ್ಕೊಂಡು ಹೋಗುತ್ತೆ. ಅದಕ್ಕೆ ವಾರಕ್ಕೊಮ್ಮೆ ಹಾಗೆ ಒಂದು ತಿಂಗಳಾದ್ರೂ ಬಿಡದೆ ನೋಡ್ಬೇಕು, ಅಷ್ಟು ದಿನ ಆ ಗಿಡ ಬೇರೆ ಗಿಡಗಳಿಂದ ದೂರ ಇರಲಿ. ಇನ್ನು ಇರುವೆ. ಮೀಲಿಬಗ್ ಬಿಡೋ ಸಿಹಿ ಅಂಟಿಗೆ ಇರುವೆ ಬರುತ್ತೆ, ಬಂದು ಸುಮ್ನೆ ತಿಂದು ಹೋಗಲ್ಲ, ಹುಳಗಳನ್ನ ಕಾಯುತ್ತೆ, ಅವನ್ನ ತಿನ್ನೋಕೆ ಬರೋ ಬೇರೆ ಕೀಟಗಳನ್ನ ಓಡ್ಸುತ್ತೆ. ಪಾಟ್ ಮೇಲೆ ಇರುವೆ ಸಾಲು ಕಂಡ್ರೆ ಹುಳ ಕಾಣ್ತಿಲ್ಲ ಅಂದ್ರೂ ಎಲೆ ಸಂದಿ ಹುಡುಕಿ, ಸ್ಟ್ಯಾಂಡ್ ಕಾಲಿನ ಕೆಳಗೆ ನೀರಿನ ಬಟ್ಟಲು ಇಟ್ರೆ ಇರುವೆ ನಿಲ್ಲುತ್ತೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ, ಅದನ್ನ ನೋಡಿ ಶಿಲೀಂಧ್ರನಾಶಕ ತಂದು ಹೊಡೀತಾರೆ, ಹುಳ ಇರೋವರೆಗೂ ಆ ಕಪ್ಪು ಹೋಗಲ್ಲ.

ಎಲೆ ಮೇಲೆ ಏನೂ ಇಲ್ಲ, ನೀರೂ ಸರಿಯಾಗಿದೆ, ಆದ್ರೂ ಗಿಡ ಬೆಳೀತಿಲ್ಲ, ಸಪ್ಪಗಿದೆ ಅಂದ್ರೆ ಪಾಟ್‌ನಿಂದ ಹೊರಗೆ ತೆಗೆದು ಬೇರು ನೋಡಿ. ಬೇರಿನ ಮೀಲಿಬಗ್ ಅಂತ ಬೇರೆಯೇ ಇದೆ, ಬೇರಿನ ಮೇಲೆ, ಪಾಟ್‌ನ ಒಳಗೋಡೆ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಇರುತ್ತೆ. ಹಾವರ್ಥಿಯಾ ಗಿಡ ಸಾಕೋರು ಇದನ್ನ ಒಮ್ಮೆಯಾದ್ರೂ ನೋಡೇ ಇರ್ತಾರೆ. ಮೇಲಿಂದ ಏನು ಸ್ಪ್ರೇ ಮಾಡಿದ್ರೂ ಅದಕ್ಕೆ ಗೊತ್ತೇ ಆಗಲ್ಲ. ಹಳೇ ಮಣ್ಣು ಪೂರ್ತಿ ಉದುರಿಸಿ ಕವರ್‌ಗೆ ಕಟ್ಟಿ ಬಿಸಾಕ್ಬೇಕು, ಹಿತ್ತಲಿಗೆ ಸುರೀಬಾರ್ದು. ಬೇರು ನಲ್ಲಿ ಕೆಳಗೆ ಚೆನ್ನಾಗಿ ತೊಳೆದು, ಸತ್ತ ಬೇರು ಕತ್ತರಿಸಿ, ನೆರಳಲ್ಲಿ ಕೆಲವು ದಿನ ಹಾಗೇ ಒಣಗೋಕೆ ಬಿಡಿ, ಸಕ್ಯುಲೆಂಟ್ ಅಷ್ಟಕ್ಕೆಲ್ಲ ಸಾಯಲ್ಲ. ಪಾಟ್‌ನ ಕುದಿಯೋ ನೀರಲ್ಲಿ ತೊಳೀರಿ, ಪ್ಲಾಸ್ಟಿಕ್ ಪಾಟ್ ಆದ್ರೆ ಹೊಸದು ತಗೊಳ್ಳಿ, ಎಷ್ಟಾಗುತ್ತೆ ಮಹಾ.

ನುಸಿ ವಿಷಯದಲ್ಲಿ ಅಂಗಡಿಯೋರೂ ಎಡವುತ್ತಾರೆ. ಚಿಗುರಿನ ಹತ್ರ ತುಕ್ಕು ಹಿಡಿದ ಹಾಗೆ ಕಂದು ಬಣ್ಣ, ಸಣ್ಣ ಜೇಡರ ಬಲೆ ಥರ ಎಳೆ, ಬೇಸಿಗೇಲಿ ಒಣ ಹವೆ ಇದ್ದಾಗ ಬರೋದು ಕೆಂಪು ಜೇಡ ನುಸಿ. ಈ ನುಸಿ ಕೀಟದ ಗುಂಪಿಗೆ ಸೇರಲ್ಲ, ಎಂಟು ಕಾಲಿನದು, ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಅದಕ್ಕೆ ತಾಗಲ್ಲ, ಅದನ್ನ ತಿನ್ನೋ ಕೀಟ ಸತ್ತು ನುಸಿ ಇನ್ನೂ ಜಾಸ್ತಿ ಆಗೋದುಂಟು. ಗಿಡ ತೊಳೆದು ನುಸಿ ಉದುರ್ಸೋದು ಮೊದಲು, ಆಮೇಲೂ ಬಂದ್ರೆ ನೀರಲ್ಲಿ ಕರಗೋ ಗಂಧಕ ಲೀಟರ್‌ಗೆ 2 ಗ್ರಾಂ ಹಾಕಿ ಹೊಡೀಬಹುದು, ಉರಿ ಬಿಸಿಲಿನ ದಿನದಲ್ಲಿ ಬೇಡ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎರಡೂ ಸೇರಿದ್ರೆ ಎಲೆ ಸುಡುತ್ತೆ. ಇನ್ನೊಂದು ಥರದ ನುಸಿ ಲೋಳೆಸರದ ಬಳಗದ ಅಲೋ ಗಿಡಗಳಿಗೆ ಬರುತ್ತೆ, ಕಾಲು ಮಿಲಿಮೀಟರ್ ಕೂಡ ಇರಲ್ಲ, ಬರಿಗಣ್ಣಿಗೆ ಕಾಣಲ್ಲ, ಎಲೆ ಬುಡದಲ್ಲಿ, ಹೂವಿನ ದಂಟಲ್ಲಿ ಗಂಟು ಗಂಟಾಗಿ ಹೂಕೋಸಿನ ಥರ ಬೆಳೆಯೋ ಹಾಗೆ ಮಾಡುತ್ತೆ. ದಕ್ಷಿಣ ಆಫ್ರಿಕಾ, ಕ್ಯಾಲಿಫೋರ್ನಿಯಾ ಕಡೆ ಅಲೋ ಸಾಕೋರಿಗೆ ಇದು ದೊಡ್ಡ ತಲೆನೋವು. ಗಂಟು ಇರೋ ಭಾಗ ಪೂರ್ತಿ ಕತ್ತರಿಸಿ ಕಸಕ್ಕೆ ಹಾಕ್ಬೇಕು, ಚಾಕು ಸ್ಪಿರಿಟ್‌ನಲ್ಲಿ ಒರೆಸ್ಬೇಕು, ಬುಡದವರೆಗೂ ಹೋಗಿದ್ರೆ ಗಿಡವನ್ನೇ ಬಿಡೋದು ವಾಸಿ.

ಕೊಳೆ ಬಗ್ಗೆ ನಮ್ಮ ಶಿವಮೊಗ್ಗ ಕಡೆಯೋರಿಗೆ ಬೇರೆಯೇ ಒಂದು ಮಾತು ಹೇಳ್ಬೇಕು. ಇಲ್ಲಿ ಕೊಳೆ ಅಂದ್ರೆ ಅಡಿಕೆ ಕೊಳೆ, ಕೊಳೆ ಅಂದ ತಕ್ಷಣ ಬೋರ್ಡೋ ದ್ರಾವಣ. ಮಳೆಗಾಲದಲ್ಲಿ ತೋಟಕ್ಕೆ ಮಾಡಿದ ದ್ರಾವಣ ಡ್ರಮ್‌ನಲ್ಲಿ ಉಳಿದಿದ್ರೆ ಜಗಲಿ ಮೇಲಿನ ಪಾಟ್‌ಗೂ ಒಂದೊಂದು ಚೊಂಬು ಹೋಗುತ್ತೆ. 100 ಲೀಟರ್‌ಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿದ ಆ ಮಿಶ್ರಣ ಅಡಿಕೆ ಗೊನೆ ಮೇಲೆ ಒಂದು ಪದರ ಕಟ್ಟಿ ರೋಗ ಬರದ ಹಾಗೆ ತಡೆಯುತ್ತೆ, ಬಂದಿರೋ ರೋಗ ವಾಸಿ ಮಾಡಲ್ಲ, ಅದು ತೋಟದೋರಿಗೆಲ್ಲ ಗೊತ್ತು. ಪಾಟ್‌ನಲ್ಲಿ ಆಗಲೇ ಬೇರು ಕೊಳೆತಿದ್ರೆ ಇನ್ನೊಂದು ಚೊಂಬು ದ್ರಾವಣ ಅಂದ್ರೆ ಇನ್ನೊಂದು ಚೊಂಬು ನೀರು ಹಾಕಿದ ಹಾಗೇ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದೆ, ಎಲೆ ಗಾಜಿನ ಥರ ಆಗಿ ಮುಟ್ಟಿದ್ರೆ ಕಳಚ್ಕೊಳ್ತಿದೆ ಅಂದ್ರೆ ಚಾಕುನೇ ಔಷಧಿ. ಕೊಳೆತ ಭಾಗಕ್ಕಿಂತ ಮೇಲೆ ಕತ್ತರಿಸಿ, ಕತ್ತರಿಸಿದ ಜಾಗ ನೋಡಿ, ಮಧ್ಯದಲ್ಲಿ ಕಂದು ಚುಕ್ಕೆನೋ ಉಂಗುರನೋ ಇದ್ರೆ ರೋಗ ಇನ್ನೂ ಮೇಲಿದೆ, ಚಾಕು ಒರೆಸಿ ಇನ್ನೊಂದು ಬಿಲ್ಲೆ ತೆಗೀರಿ, ಪೂರ್ತಿ ಸ್ವಚ್ಛ ಹಸಿರು ಬರೋವರೆಗೂ. ಆಮೇಲೆ ತುದೀನ ನೆರಳಲ್ಲಿ ಒಂದು ವಾರದ ಹಾಗೆ ಒಣಗಿಸಿ ಒಣ ಮಣ್ಣಿಗೆ ನೆಟ್ರೆ ಹೊಸ ಬೇರು ಬರುತ್ತೆ. ನರ್ಸರೀಲಿ ಕೊಡೋ ಕಾರ್ಬೆಂಡಜಿಮ್ ಮ್ಯಾಂಕೊಜೆಬ್ ಸೇರಿದ ಪುಡಿ ಕೆಲವು ಶಿಲೀಂಧ್ರಕ್ಕೆ ಸರಿ, ಆದ್ರೆ ಅದರಲ್ಲಿರೋ ಕಾರ್ಬೆಂಡಜಿಮ್ ಪಿಥಿಯಂ, ಫೈಟೋಫ್ತೋರಾ ಥರದ ನೀರಿನ ಕೊಳೆಗೆ ಕೆಲಸ ಮಾಡಲ್ಲ, ಒದ್ದೆ ಪಾಟ್‌ನಲ್ಲಿ ಬರೋದು ಬಹಳಷ್ಟು ಸಲ ಅವೇ.

ಮಣ್ಣಿನ ವಿಷಯ ಚಿಕ್ಕದಾಗಿ. ನರ್ಸರಿ ಗಿಡ ಬರೋದು ಬರೀ ತೆಂಗಿನ ನಾರಿನ ಪುಡೀಲಿ, ಅಂದ್ರೆ ಕೋಕೋಪೀಟ್‌ನಲ್ಲಿ, ಹಗುರ, ಲಾರೀಲಿ ಸಾಗಿಸೋಕೆ ಸುಲಭ. ಮಲೆನಾಡು, ಕರಾವಳಿ ಮಳೆಗಾಲದಲ್ಲಿ ಅದು ವಾರಗಟ್ಟಲೆ ಒಣಗಲ್ಲ. ಆನ್‌ಲೈನ್‌ನಲ್ಲಿ ಕಾಲಿಂಪಾಂಗ್‌ನಿಂದ ತರಿಸಿದ್ದಾದ್ರೆ ತಣ್ಣನೆ ಬೆಟ್ಟದಲ್ಲಿ ಬೆಳೆದ ಗಿಡ, ಮಂಗಳೂರಿನ ಸೆಕೆಗೆ ಬಂದು ಸುಸ್ತಾಗಿರುತ್ತೆ, ಅದರ ಮೇಲೆ ಒದ್ದೆ ಬೇರು. ಅರ್ಧಕ್ಕಿಂತ ಜಾಸ್ತಿ ಬೇಬಿ ಜಲ್ಲಿ, ಇಟ್ಟಿಗೆ ಚೂರು, ಇದ್ದಿಲು ಇರಲಿ, ಎಂ ಸ್ಯಾಂಡ್ ಹಾಕೋದಾದ್ರೆ ಧೂಳು ಜರಡಿ ಹಿಡಿದು ಹಾಕಿ. ಮಣ್ಣಿಂದ ಸಣ್ಣ ಕಪ್ಪು ನೊಣ ಏಳ್ತಿದ್ರೆ ಅದು ಒದ್ದೆ ಜಾಸ್ತಿಯಾಗಿದೆ ಅನ್ನೋ ಸೂಚನೆ, ಒಣಗಿಸಿದ್ರೆ ಹೋಗುತ್ತೆ, ಹಳದಿ ಅಂಟು ಶೀಟ್ ಒಂದಿಟ್ರೆ ಇನ್ನೂ ಬೇಗ. ಹೂವಿನ ದಂಟಲ್ಲಿ ರಸ ಹೀರೋ ಸಸ್ಯಹೇನು ಕಂಡ್ರೆ ದಂಟು ಕತ್ತರಿಸಿ, ಅಷ್ಟೇ. ರಾತ್ರೋರಾತ್ರಿ ಎಲೇನೇ ಮಾಯ ಆಗಿದ್ರೆ ಟಾರ್ಚ್ ಹಿಡ್ಕೊಂಡು ಹೋಗಿ, ಆಫ್ರಿಕನ್ ಬಸವನಹುಳ ಇರುತ್ತೆ, ಒದ್ದೆ ಗೋಣಿಚೀಲ ಹಾಸಿಟ್ರೆ ಬೆಳಗ್ಗೆ ಅದರಡಿ ಸಿಗುತ್ತೆ, ಬರಿಗೈಲಿ ಮುಟ್ಬೇಡಿ.

ಬೇವಿನ ಎಣ್ಣೆ ಬೇಡ ಅಂತ ನಾನು ಹೇಳ್ತಿಲ್ಲ. ಲೀಟರ್ ನೀರಿಗೆ 5 ಎಂಎಲ್, ಬೆರೆಯೋಕೆ ಎರಡು ಹನಿ ಸೋಪು, ಸಂಜೆ ಹೊತ್ತು, ಅದೂ ಹುಳ ಇದೆ ಅಂತ ಗೊತ್ತಾದ್ಮೇಲೆ. ಎಣ್ಣೆ ಆ ಮೇಣದ ಪುಡಿ ಅಳಿಸುತ್ತೆ ಅಂತ ಗೊತ್ತಿರಲಿ. ಜೇಡ್ ಗಿಡಕ್ಕೆ, ಕೆಂಪು ಹೂ ಬಿಡೋ ಮುಳ್ಳಿನ ಯುಫೋರ್ಬಿಯಾಗೆ ಸೋಪು ಆಗಿಬರಲ್ಲ, ಎಲೆ ಉದುರಿಸುತ್ತೆ. ನಿಮ್ಮ ಲೇಖನದ ಜೊತೆ ಹಾಕಿದ್ದ ಫೋಟೋ ಜೇಡ್ ಗಿಡದ್ದೇ.

ಇನ್ನು ಲೂಸ್ ಆಗಿ ಮಾರೋ ಔಷಧಿ ವಿಷಯ, ಇದನ್ನ ಇನ್ನೂ ಸ್ವಲ್ಪ ಜೋರಾಗಿ ಬರೀಬೇಕು ಅನ್ಸುತ್ತೆ. ಎಷ್ಟೋ ನರ್ಸರೀಲಿ ಖಾಲಿ ನೀರಿನ ಬಾಟಲಿಗೆ ಹಳದಿ ದ್ರವ ಹಾಕಿ, ಲೇಬಲ್ ಇಲ್ದೆ, ಒಂದು ಮುಚ್ಚಳ ಬಕೆಟ್‌ಗೆ ಹಾಕಿ ಅಂತ ಕೊಡ್ತಾರೆ. 1968ರ ಕೀಟನಾಶಕ ಕಾಯ್ದೆ ಇರೋದೇ ಯಾಕೆ ಮತ್ತೆ? ಪ್ಯಾಕ್ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರ್ಬೇಕು, ಕೆಂಪು ಅತಿ ವಿಷ, ಹಸಿರು ಕಮ್ಮಿ. ಬಾಟಲಿ ಬದಲಾದ್ರೆ ಆ ಗುರುತೂ ಇಲ್ಲ, ಆಸ್ಪತ್ರೇಲಿ ಡಾಕ್ಟರ್ ಏನು ಕುಡಿದ್ರು ಅಂತ ಕೇಳಿದ್ರೆ ಹೇಳೋಕೆ ಹೆಸರೂ ಇಲ್ಲ. ಡೈಕ್ಲೋರ್ವಾಸ್ ಅನ್ನೋ ಕೀಟನಾಶಕಾನ 2020ರ ಡಿಸೆಂಬರ್ 31ರಿಂದ ನಿಷೇಧ ಮಾಡಿದ್ದಾರೆ, ಲೇಬಲ್ ಇಲ್ಲದ ಬಾಟಲೀಲಿ ಅದಿಲ್ಲ ಅಂತ ಯಾರು ಹೇಳ್ತಾರೆ? ಮಗು ಅಂಬೆಗಾಲಿಡೋ ಹಾಲ್‌ನಲ್ಲಿ, ಟಿವಿ ಪಕ್ಕದ ಅಂಗೈಯಷ್ಟು ಗಿಡಕ್ಕೆ ಹೊಲಕ್ಕೆ ಹೊಡೆಯೋ ವಿಷ ಯಾಕೆ ಬೇಕು ಹೇಳಿ, ನೂರೈವತ್ತು ರೂಪಾಯಿ ಗಿಡ, ಹೋದ್ರೆ ಹೋಗ್ಲಿ.

ಗುರುತು ಹಿಡಿಯೋ ವಿದ್ಯೆ ನಮ್ಮಲ್ಲಿಲ್ಲ ಅಂತಲ್ಲ. ಪಪ್ಪಾಯ ಮೀಲಿಬಗ್ 2008ರಲ್ಲಿ ಕೊಯಮತ್ತೂರಲ್ಲಿ ಕಾಣಿಸ್ಕೊಂಡಾಗ ಜನ ಸಿಕ್ಕಿದ್ದೆಲ್ಲ ಹೊಡೆದ್ರು, ಹೋಗಲಿಲ್ಲ. ಯಾವ ಜಾತಿ ಅಂತ ಗೊತ್ತಾಗಿದ್ದಕ್ಕೇ ಬೆಂಗಳೂರು ಹೆಬ್ಬಾಳದ ಕೀಟ ಸಂಪನ್ಮೂಲ ಬ್ಯೂರೋದೋರು 2010ರಲ್ಲಿ ಪೋರ್ಟೊ ರಿಕೋದಿಂದ ಅದಕ್ಕೇ ಸರಿಯಾದ, ಹುಳದೊಳಗೇ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಪರಾವಲಂಬಿ ಕಣಜ ತರಿಸಿ ಬಿಟ್ರು, ತೋಟಗಳು ಉಳ್ಕೊಂಡ್ವು. ಅದಕ್ಕೂ ಮುಂಚೆ, 1898ರಲ್ಲೇ ಕಾಫಿ ಗಿಡಕ್ಕೆ ಅಂಟಿಕೂತು ರಸ ಹೀರೋ ಶಲ್ಕ ಕೀಟಕ್ಕೆ ಅಂತ ಆಸ್ಟ್ರೇಲಿಯಾದಿಂದ ಕ್ರಿಪ್ಟೊಲೀಮಸ್ ಅನ್ನೋ ಗುಲಗಂಜಿ ಹುಳ ತಂದಿದ್ರು, ಅದು ದಕ್ಷಿಣ ಭಾರತದಲ್ಲಿ ಈಗ ನೆಲೆ ನಿಂತಿದೆ, ಮೀಲಿಬಗ್ ಅಂದ್ರೆ ಅದಕ್ಕೆ ಹಬ್ಬದೂಟ. ಬಾಲ್ಕನಿ ಗಿಡಕ್ಕೆ ಅದಾಗೇ ಹಾರಿ ಬರುತ್ತೆ.

ಅದಕ್ಕೆ ನನ್ನ ಕೋರಿಕೆ ಇಷ್ಟು. ತೋಟಗಾರಿಕೆ ಇಲಾಖೆಯೋರು ಲಾಲ್‌ಬಾಗ್‌ನ ಜನವರಿ, ಆಗಸ್ಟ್ ಶೋನಲ್ಲಿ, ಜಿಲ್ಲೆಗಳ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಆನೆ, ಹೂವಿನ ದೇವಸ್ಥಾನದ ಪಕ್ಕ ಒಂದು ಟೇಬಲ್, ಒಂದು ಮೈಕ್ರೋಸ್ಕೋಪ್ ಇಡ್ಲಿ, ಜನ ಕವರ್‌ನಲ್ಲಿ ರೋಗ ಬಂದ ಎಲೆ ತರ್ತಾರೆ. ನಮ್ಮ ಜಿಲ್ಲೇಲಿ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ವಿದ್ಯಾರ್ಥಿಗಳನ್ನ ಕೂರಿಸಿದ್ರೆ ಅವರಿಗೂ ಪ್ರಾಕ್ಟಿಕಲ್ ಆಗುತ್ತೆ. ನಿಮ್ಮ ಪತ್ರಿಕೆ ಮಾಡ್ಬೇಕಾಗಿರೋದು ಮುಂದಿನ ಪುರವಣೀಲಿ ಎರಡು ಫೋಟೋ ಅಕ್ಕಪಕ್ಕ ಹಾಕೋದು, ಒಂದು ಮೀಲಿಬಗ್‌ದು, ಇನ್ನೊಂದು ಆ ಕ್ರಿಪ್ಟೊಲೀಮಸ್ ಗುಲಗಂಜಿ ಹುಳದ ಮರೀದು. ಮರಿ ಮೈ ಮೇಲೂ ಬಿಳಿ ಮೇಣದ ಎಳೆ ಇರುತ್ತೆ, ಅಚ್ಚು ಮೀಲಿಬಗ್ ಥರಾನೇ, ಆದ್ರೆ ಅದಕ್ಕಿಂತ ದೊಡ್ಡದು, ಒಂದು ಸೆಂಟಿಮೀಟರ್ ದಾಟುತ್ತೆ, ಚುರುಕಾಗಿ ಓಡಾಡುತ್ತೆ. ಸ್ಪಿರಿಟ್ ಅದ್ದಿದ ಬಡ್ ಹಿಡ್ಕೊಂಡು ಕೂತೋರು ದಪ್ಪ ಮೀಲಿಬಗ್ ಸಿಕ್ತು ಅಂತ ಮೊದ್ಲು ಕೊಲ್ಲೋದು ಅದನ್ನೇ. ಫೋಟೋ ಕಲರ್‌ನಲ್ಲೇ ಹಾಕಿ, ಬ್ಲ್ಯಾಕ್ ಅಂಡ್ ವೈಟ್ ಪುಟದಲ್ಲಿ ಎರಡೂ ಒಂದೇ ಕಾಣುತ್ತೆ.

ಇಂತಿ,
ನಿಮ್ಮ ಖಾಯಂ ಓದುಗರಲ್ಲೊಬ್ಬರು
ಶಿವಮೊಗ್ಗ